ಹೆಡಿಂಗ್ ನಂಬರ್ ಕೆಟ್ಟರೆ ಪುಟದ ಮೇಲೆ ಸರಿಮಾಡಬೇಡಿ

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಒಂದು ಯಂತ್ರದ ನಿರ್ವಹಣಾ ಕೈಪಿಡಿ ಬರೆದಿದ್ದೇವೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸುಮಾರು 320 ಪುಟ ಇದೆ. ನಾಲ್ವರ ಫೈಲ್‌ಗಳನ್ನು ಒಂದುಗೂಡಿಸಿದ ಮೇಲೆ ಹೆಡಿಂಗ್ ನಂಬರ್‌ಗಳೆಲ್ಲ ಕೆಟ್ಟಿವೆ. 4ನೇ ಅಧ್ಯಾಯ ಮತ್ತೆ 1 ಅಂತ ಶುರುವಾಗುತ್ತದೆ. 5ನೇ ಅಧ್ಯಾಯದ ಒಳಗೆ 3.7 ಬರುತ್ತದೆ. ಕೆಲವು ಕಡೆ ನಂಬರ್ ಬದಲು ಕಪ್ಪು ಚೌಕ ಕಾಣುತ್ತದೆ. ಅನುಬಂಧಗಳಿಗೆ 11, 12 ಅಂತ ಬಂದಿದೆ, ನಮಗೆ ಎ, ಬಿ ಬೇಕು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ನಂಬರ್‌ಗಳನ್ನು ಕೈಯಲ್ಲೇ ಟೈಪ್ ಮಾಡಿಬಿಡೋಣವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಇವತ್ತಿಗೆ ಅದು ಸುಲಭ ಅನ್ನಿಸುತ್ತದೆ. ಮುಂದಿನ ತಿಂಗಳು ಯಾರೋ ನಡುವೆ ಒಂದು ಅಧ್ಯಾಯ ಸೇರಿಸಿ ಅನ್ನುತ್ತಾರೆ. ಆಗ ಅಲ್ಲಿಂದ ಮುಂದಿನ ಪ್ರತಿ ನಂಬರನ್ನೂ ಕೈಯಾರೆ ತಿದ್ದಬೇಕಾಗುತ್ತದೆ. ಒಂದು ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮದು ಯಂತ್ರದ ಕೈಪಿಡಿ ಬೇರೆ. ಅದನ್ನು ಓದುವವರು ಯಂತ್ರದ ಪಕ್ಕದಲ್ಲೇ ನಿಂತು ಓದುತ್ತಾರೆ, ಅಲ್ವಾ?

ನಿಮ್ಮ ಫೈಲ್ ಸರಿಹೋಗುತ್ತದೆ. ಸಮಾಧಾನವಾಗಿ ಕೂತು ಮಾಡಿದರೆ ಅರ್ಧ ದಿನದ ಕೆಲಸ. ಆದರೆ ಕೆಟ್ಟದ್ದು ಹೇಗೆ ಅಂತ ಮೊದಲು ತಿಳಿಯಬೇಕು. ಅದು ತಿಳಿಯದೆ ಬಟನ್ ಒತ್ತುತ್ತಾ ಹೋದರೆ ನೀವು ಹೇಳಿದ ಹಾಗೇ ಆಗುತ್ತದೆ, ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು.

ಹೆಡಿಂಗ್ ಪಕ್ಕದಲ್ಲಿ ಕಾಣುವ 3.2 ಅನ್ನುವ ನಂಬರ್ ಆ ಸಾಲಿನಲ್ಲಿ ಬರೆದಿಟ್ಟದ್ದಲ್ಲ. ಪುಟ ತೋರಿಸುವಾಗ ವರ್ಡ್ ಅದನ್ನು ಆಗಿಂದಾಗ್ಗೆ ಎಣಿಸಿ ತೋರಿಸುತ್ತದೆ. ಹೇಗೆ ಎಣಿಸಬೇಕು ಅನ್ನುವ ನಿಯಮ ಫೈಲ್‌ನ ಒಳಗೆ ಬೇರೆ ಕಡೆ ಇರುತ್ತದೆ. ವರ್ಡ್ 2007ರಿಂದ ಬಂದ ಡಾಕ್ಸ್ ಫೈಲ್ ಅಂದರೆ ನಿಜವಾಗಿ ಒಂದು ಜಿಪ್ ಗಂಟು, ಅಂದರೆ ಹಲವು ಸಣ್ಣ ಫೈಲ್‌ಗಳನ್ನು ಒತ್ತಿ ಕಟ್ಟಿದ್ದು. ಅದರೊಳಗೆ ನಂಬರಿಂಗ್‌ಗೆ ಅಂತಲೇ ಒಂದು ಪ್ರತ್ಯೇಕ ಎಕ್ಸ್‌ಎಂಎಲ್ ಫೈಲ್ ಇದೆ. ಅದರಲ್ಲಿ ಪಟ್ಟಿಗಳ ನಿಯಮಗಳಿರುತ್ತವೆ. ಒಂದೊಂದು ಪಟ್ಟಿಗೂ 9 ಹಂತ. ಪುಟದ ಮೇಲಿನ ಹೆಡಿಂಗ್ ಮಾಡುವುದು ಇಷ್ಟೇ: ‘ನಾನು ಇಂಥ ಪಟ್ಟಿಗೆ ಸೇರಿದವನು, ನನ್ನದು ಇಷ್ಟನೇ ಹಂತ’ ಅಂತ ಹೇಳುತ್ತದೆ.

ಸರಿಯಾಗಿ ಕಟ್ಟಿದ ಫೈಲ್‌ನಲ್ಲಿ ಹೆಡಿಂಗ್‌ಗಳಿಗೆ ಒಂದೇ ಒಂದು ಪಟ್ಟಿ ಇರುತ್ತದೆ. ಸ್ಟೈಲ್ ಅಂದರೆ ಒಂದು ಪ್ಯಾರಾ ಹೇಗೆ ಕಾಣಬೇಕು ಅಂತ ಹೇಳುವ, ಹೆಸರಿಟ್ಟ ನಿಯಮಗಳ ಕಟ್ಟು. ಹೆಡಿಂಗ್ 1 ಸ್ಟೈಲ್ ಅದರ ಮೊದಲ ಹಂತಕ್ಕೆ, ಹೆಡಿಂಗ್ 2 ಎರಡನೇ ಹಂತಕ್ಕೆ, ಹೀಗೆ ಜೋಡಣೆ ಆಗಿರುತ್ತದೆ. ನಿಮ್ಮ ಫೈಲ್‌ನಲ್ಲಿ ಈಗ ಕನಿಷ್ಠ ನಾಲ್ಕು ಪಟ್ಟಿಗಳಿವೆ, ಒಬ್ಬೊಬ್ಬರ ಫೈಲ್‌ನಿಂದ ಒಂದೊಂದು. ನಿಜ ಹೇಳಬೇಕೆಂದರೆ ಜಾಸ್ತಿಯೇ ಇರುತ್ತವೆ. ಯಾಕೆಂದರೆ ನಂಬರ್ ತಪ್ಪಿದಾಗೆಲ್ಲ ನಾವು ಏನು ಮಾಡುತ್ತೇವೆ? ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರೀಸ್ಟಾರ್ಟ್ ಅಟ್ 1’ ಅಥವಾ ‘ಕಂಟಿನ್ಯೂ ನಂಬರಿಂಗ್’ ಒತ್ತುತ್ತೇವೆ. ರೀಸ್ಟಾರ್ಟ್ ಒತ್ತಿದಾಗ ವರ್ಡ್ ಆ ಜಾಗಕ್ಕೆ ಬೇರೆ ಎಣಿಕೆ ಶುರುಮಾಡುತ್ತದೆ. ಆ ಸಾಲು ಗುಂಪು ಬಿಟ್ಟು ಹೊರಗೆ ಹೋಗುತ್ತದೆ. ಕಂಟಿನ್ಯೂ ಒತ್ತಿದರೆ ಆ ಒಂದು ಸಾಲಿನ ಮೇಲೆ ಇನ್ನೊಂದು ತೇಪೆ ಬೀಳುತ್ತದೆ. ಹೀಗೆ ತೇಪೆ ಮೇಲೆ ತೇಪೆ ಹಾಕಿದ ಫೈಲ್‌ಗಳನ್ನೇ ನಾನು ಜಾಸ್ತಿ ನೋಡಿದ್ದು.

ಹಾಗಾಗಿ ಒಂದು ಮಾತು ಮನಸ್ಸಲ್ಲಿ ಇಟ್ಟುಕೊಳ್ಳಿ. ನಂಬರನ್ನು ಪುಟದ ಮೇಲೆ ಮುಟ್ಟಬಾರದು. ಸ್ಟೈಲ್ ಮತ್ತು ಪಟ್ಟಿಯ ಜೋಡಣೆಯನ್ನು ಒಂದೇ ಜಾಗದಲ್ಲಿ ಸರಿಮಾಡಬೇಕು.

ಕೆಲಸ ಶುರುಮಾಡುವ ಮುಂಚೆ ಒಂದು ಪಿಡಿಎಫ್ ತೆಗೆದಿಡಿ

ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಈಗಿರುವ ಫೈಲ್ ಎಷ್ಟೇ ಕೆಟ್ಟಿರಲಿ, ಅದರ ಒಂದು ಪಿಡಿಎಫ್ ಮಾಡಿ. ನಾಲ್ವರ ಮೂಲ ಫೈಲ್‌ಗಳದ್ದೂ ಒಂದೊಂದು ಪಿಡಿಎಫ್ ಮಾಡಿ. ಆಮೇಲೆ ವರ್ಡ್ ಫೈಲ್‌ನ ಪ್ರತಿ ಮಾಡಿಕೊಂಡು ಆ ಪ್ರತಿಯ ಮೇಲೆ ಕೆಲಸ ಮಾಡಿ.

ಕಾರಣ ಹೇಳುತ್ತೇನೆ. ಹಿಂದೆ ನಾನು ಒಂದು ಕಡೆ ಇಂಥದ್ದೇ ಕೈಪಿಡಿ ಸರಿಮಾಡುತ್ತಿದ್ದೆ. ನಂಬರ್‌ಗಳೆಲ್ಲ ಚೆಂದವಾಗಿ ಸಾಲಾಗಿ ಬಂದವು, ನನಗೆ ಖುಷಿ. ಆದರೆ ಬರಹದ ನಡುವೆ ‘ಮೊದಲು 6.4ರಲ್ಲಿ ಹೇಳಿದ್ದನ್ನು ಮಾಡಿ’ ಅಂತ ಯಾರೋ ಕೈಯಲ್ಲಿ ಟೈಪ್ ಮಾಡಿದ್ದರು. ಅವರು ಬರೆದಾಗ 6.4 ಅಂದರೆ ವಿದ್ಯುತ್ ಸಂಪರ್ಕ ತೆಗೆಯುವ ವಿಧಾನ. ನಂಬರ್ ಸರಿಹೋದ ಮೇಲೆ 6.4 ಅಂದರೆ ಎಣ್ಣೆ ಹಾಕುವ ವಿಧಾನ. ಹೊಸ ನಂಬರ್ ಸರಿ, ಆದರೆ ಸೂಚನೆ ಈಗ ಅಪಾಯಕಾರಿ. ಕೊನೆಯ ಸುತ್ತಿನ ಓದಿನಲ್ಲಿ ಅದು ಕಣ್ಣಿಗೆ ಬಿತ್ತು. ಬೀಳದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಹಳೆಯ ನಂಬರ್ ಯಾವುದಕ್ಕೆ ಸೇರಿತ್ತು ಅಂತ ಹೇಳಲು ನಮ್ಮ ಹತ್ತಿರ ಹಳೆಯ ಪಿಡಿಎಫ್ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ನಿಮ್ಮ ಬರಹದಲ್ಲೂ ‘ನೋಡಿ 5.3’ ಅನ್ನುವಂಥ ಸಾಲುಗಳು ಖಂಡಿತ ಇರುತ್ತವೆ. ಅವನ್ನೆಲ್ಲ ಹುಡುಕಿ, ಹಳದಿ ಬಣ್ಣ ಹಚ್ಚಿ, ಪಕ್ಕದಲ್ಲಿ ಆ ಹೆಡಿಂಗ್‌ನ ಹೆಸರನ್ನೂ ಬರೆದಿಡಿ. ಇದು ನಂಬರ್ ಸರಿಮಾಡುವುದಕ್ಕೆ ಮುಂಚೆ ಆಗಬೇಕಾದ ಕೆಲಸ.

ಯಾವುದು ನಿಜವಾದ ಹೆಡಿಂಗ್?

ಈಗ ಪರೀಕ್ಷೆ. ನಂಬರ್ ಮೇಲೆ ಕ್ಲಿಕ್ ಮಾಡಿ ನೋಡಿ. ನಂಬರ್ ಬೂದು ಬಣ್ಣಕ್ಕೆ ತಿರುಗಿದರೆ ಅದು ತಾನಾಗಿ ಬಂದದ್ದು. ಕರ್ಸರ್ ಅಂಕಿಗಳ ನಡುವೆ ಹೋಗಿ ಕೂತರೆ ಅದು ಯಾರೋ ಟೈಪ್ ಮಾಡಿದ್ದು. ಟೈಪ್ ಮಾಡಿದ್ದನ್ನು ಅಳಿಸಬೇಕು.

ನಂಬರ್ ಇದ್ದ ಮಾತ್ರಕ್ಕೆ ಅದು ಹೆಡಿಂಗ್ ಅಲ್ಲ. ಕೆಲವರು ಸಾಮಾನ್ಯ ಸಾಲನ್ನೇ ದಪ್ಪ ಮಾಡಿ, ಅಕ್ಷರ ದೊಡ್ಡದು ಮಾಡಿ, ಹೆಡಿಂಗ್ ತರಹ ಕಾಣಿಸಿರುತ್ತಾರೆ. ಇದನ್ನು ಹಿಡಿಯಲು ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. ಫೈಲ್ ಮೆನುವಿನ ಆಪ್ಷನ್ಸ್‌ಗೆ ಹೋಗಿ. ಅಲ್ಲಿ ಅಡ್ವಾನ್ಸ್ಡ್, ಅದರಲ್ಲಿ ಡಿಸ್‌ಪ್ಲೇ ಭಾಗ. ‘ಸ್ಟೈಲ್ ಏರಿಯಾ ಪೇನ್ ವಿಡ್ತ್’ ಅಂತ ಒಂದು ಜಾಗ ಇದೆ. ಅಲ್ಲಿ ಸುಮಾರು 3 ಸೆಂಟಿಮೀಟರ್ ಕೊಡಿ. ಆಮೇಲೆ ವ್ಯೂ ಟ್ಯಾಬ್‌ನಲ್ಲಿ ಡ್ರಾಫ್ಟ್ ನೋಟಕ್ಕೆ ಬನ್ನಿ. ಪುಟದ ಎಡಗಡೆ ಪ್ರತಿ ಪ್ಯಾರಾದ ಸ್ಟೈಲ್ ಹೆಸರು ಕಾಣುತ್ತದೆ. 320 ಪುಟವನ್ನು ಬೇಗ ಬೇಗ ಉರುಳಿಸುತ್ತಾ ಹೋಗಿ. ಹೆಡಿಂಗ್ ತರಹ ಕಂಡು, ಎಡಗಡೆ ‘ನಾರ್ಮಲ್’ ಅಂತ ಇದ್ದರೆ ಅದು ವೇಷ ಹಾಕಿದ್ದು. ಅದಕ್ಕೆ ಸರಿಯಾದ ಹೆಡಿಂಗ್ ಸ್ಟೈಲ್ ಕೊಡಿ. ಕಂಟ್ರೋಲ್, ಆಲ್ಟ್ ಮತ್ತು 1 ಒಟ್ಟಿಗೆ ಒತ್ತಿದರೆ ಹೆಡಿಂಗ್ 1. ಹಾಗೇ 2, 3 ಒತ್ತಿದರೆ ಹೆಡಿಂಗ್ 2, ಹೆಡಿಂಗ್ 3.

ಇದರ ಉಲ್ಟಾ ತಪ್ಪೂ ಇರುತ್ತದೆ. ಖಾಲಿ ಸಾಲೊಂದು ಹೆಡಿಂಗ್ 2 ಸ್ಟೈಲ್ ಹೊತ್ತು ಕೂತಿರುತ್ತದೆ. ಅದೂ ಎಣಿಕೆಗೆ ಸೇರುತ್ತದೆ, ಆದರೆ ಪರಿವಿಡಿಯಲ್ಲಿ ಬರುವುದಿಲ್ಲ. 3.2 ಆದ ಮೇಲೆ ನೇರವಾಗಿ 3.4 ಕಂಡರೆ ಮೊದಲು ಇಂಥ ಖಾಲಿ ಸಾಲನ್ನು ಹುಡುಕಿ. ಟೆಕ್ಸ್ಟ್ ಬಾಕ್ಸ್ ಮತ್ತು ಟೇಬಲ್ ಒಳಗೂ ನೋಡಿ. ಅಲ್ಲಿ ಹೆಡಿಂಗ್ ಇದ್ದರೆ, ಹೆಡಿಂಗ್‌ಗಳನ್ನು ಪಕ್ಕದಲ್ಲಿ ಸಾಲಾಗಿ ತೋರಿಸುವ ನ್ಯಾವಿಗೇಶನ್ ಪೇನ್‌ನಲ್ಲಿ ಕಾಣದಿರಬಹುದು. ಪ್ರತಿ ತಿದ್ದುಪಡಿಯನ್ನೂ ಗುರುತು ಹಾಕಿ ತೋರಿಸುವ ಟ್ರ್ಯಾಕ್ ಚೇಂಜಸ್ ಇಟ್ಟುಕೊಂಡು ಬರೆದಿದ್ದರೆ, ಅಳಿಸಿದ ಹೆಡಿಂಗ್‌ಗಳು ಒಪ್ಪಿಗೆ ಆಗುವ ತನಕ ಎಣಿಕೆಯಲ್ಲೇ ಉಳಿದಿರಬಹುದು. ಬದಲಾವಣೆಗಳನ್ನು ಒಪ್ಪಿಯೋ ತಿರಸ್ಕರಿಸಿಯೋ ಮುಗಿಸಿ, ಆಮೇಲೆ ಮುಂದಕ್ಕೆ ಹೋಗಿ.

ಒಂದೇ ಪಟ್ಟಿ ಕಟ್ಟುವುದು

ಇದು ಮುಖ್ಯ ಕೆಲಸ, ನಿಧಾನವಾಗಿ ಮಾಡಿ. ಕರ್ಸರನ್ನು ಫೈಲ್‌ನ ಮೊಟ್ಟಮೊದಲ ಹೆಡಿಂಗ್ 1ರಲ್ಲಿ ಇಡಿ. ಹೋಮ್ ಟ್ಯಾಬ್‌ನಲ್ಲಿ ಮಲ್ಟಿಲೆವೆಲ್ ಲಿಸ್ಟ್ ಬಟನ್ ಒತ್ತಿ. ಕೆಳಗೆ ಎರಡು ಆಯ್ಕೆ ಇರುತ್ತವೆ: ‘ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್’ ಮತ್ತು ‘ಡಿಫೈನ್ ನ್ಯೂ ಲಿಸ್ಟ್ ಸ್ಟೈಲ್’. ಎಲ್ಲರೂ ಮೊದಲನೆಯದನ್ನು ಒತ್ತುತ್ತಾರೆ. ನಾನು ಯಾವಾಗಲೂ ಎರಡನೆಯದನ್ನೇ ಒತ್ತಲು ಹೇಳುತ್ತೇನೆ. ಲಿಸ್ಟ್ ಸ್ಟೈಲ್‌ಗೆ ಒಂದು ಹೆಸರು ಇರುತ್ತದೆ. ನಾಳೆ ಏನಾದರೂ ಬದಲಿಸಬೇಕಾದರೆ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಮಾಡಿಫೈ’ ಒತ್ತಿದರಾಯಿತು. ಮೊದಲ ಆಯ್ಕೆಯಲ್ಲಿ ಹೆಸರಿನ ಹಿಡಿತ ಇಲ್ಲ. ಹಾಗಾಗಿ ಪ್ರತಿ ಸಲ ತಿದ್ದಲು ಹೋದಾಗ ಇನ್ನೊಂದು ಹೊಸ ಪಟ್ಟಿ ಹುಟ್ಟುವ ಸಾಧ್ಯತೆ ಇರುತ್ತದೆ.

ಹೆಸರು ಕೊಟ್ಟು, ಕೆಳಗಿನ ಫಾರ್ಮ್ಯಾಟ್ ಬಟನ್‌ನಲ್ಲಿ ನಂಬರಿಂಗ್ ಆರಿಸಿ. ಒಂದು ಕಿಟಕಿ ತೆರೆಯುತ್ತದೆ. ‘ಮೋರ್’ ಬಟನ್ ಒತ್ತದಿದ್ದರೆ ಅರ್ಧ ಕಿಟಕಿ ಮಾತ್ರ ಕಾಣುತ್ತದೆ. ಅದನ್ನು ಮೊದಲು ಒತ್ತಿ.

ಎಡಗಡೆ 1ರಿಂದ 9ರ ತನಕ ಹಂತಗಳು. 1 ಆರಿಸಿ, ‘ಲಿಂಕ್ ಲೆವೆಲ್ ಟು ಸ್ಟೈಲ್’ ಜಾಗದಲ್ಲಿ ಹೆಡಿಂಗ್ 1 ಕೊಡಿ. 2 ಆರಿಸಿ ಹೆಡಿಂಗ್ 2 ಕೊಡಿ. ಹೀಗೇ ಮುಂದುವರಿಸಿ. ಬೇರೆ ಏನನ್ನೂ ಮುಟ್ಟದೆ ಮೊದಲು ಎಲ್ಲಾ ಜೋಡಣೆ ಮುಗಿಸಿ.

ಆಮೇಲೆ ನಂಬರ್‌ನ ರೂಪ. ಎರಡನೇ ಹಂತಕ್ಕೆ 3.2 ತರಹ ಬೇಕು ಅಂದರೆ, ಆ 3 ಎಲ್ಲಿಂದ ಬರಬೇಕು? ಇಲ್ಲೇ ಅನೇಕರು ಜಾರುತ್ತಾರೆ. ನಂಬರ್ ರೂಪದ ಪೆಟ್ಟಿಗೆಯಲ್ಲಿ ಬೂದು ಹಿನ್ನೆಲೆ ಇರುವ ಅಂಕಿ ಜೀವಂತ ಅಂಕಿ. ಅದು ಎಣಿಕೆಯ ಜೊತೆ ಬದಲಾಗುತ್ತದೆ. ಬೂದು ಹಿನ್ನೆಲೆ ಇಲ್ಲದ ಅಂಕಿ ಸುಮ್ನೆ ಟೈಪ್ ಮಾಡಿದ ಅಕ್ಷರ. ನಿಮ್ಮ 5ನೇ ಅಧ್ಯಾಯದೊಳಗೆ 3.7 ಬಂದದ್ದಕ್ಕೆ ಇದೂ ಒಂದು ಕಾರಣ ಇರಬಹುದು: ಒಬ್ಬರ ಫೈಲ್‌ನಲ್ಲಿ ಆ 3ನ್ನು ಪೆಟ್ಟಿಗೆಯಲ್ಲಿ ಕೈಯಿಂದ ಬರೆದಿರಬಹುದು. ಸರಿಯಾದ ದಾರಿ ಹೀಗಿದೆ. ಪೆಟ್ಟಿಗೆಯನ್ನು ಖಾಲಿ ಮಾಡಿ. ‘ಇನ್‌ಕ್ಲೂಡ್ ಲೆವೆಲ್ ನಂಬರ್ ಫ್ರಮ್’ ಜಾಗದಲ್ಲಿ ಲೆವೆಲ್ 1 ಆರಿಸಿ. ಒಂದು ಚುಕ್ಕಿ ಟೈಪ್ ಮಾಡಿ. ಆಮೇಲೆ ‘ನಂಬರ್ ಸ್ಟೈಲ್ ಫಾರ್ ದಿಸ್ ಲೆವೆಲ್’ನಲ್ಲಿ 1, 2, 3 ಆರಿಸಿ. ಎರಡು ಅಂಕಿಗೂ ಬೂದು ಹಿನ್ನೆಲೆ ಇದೆಯಾ ಅಂತ ನೋಡಿಕೊಳ್ಳಿ.

‘ರೀಸ್ಟಾರ್ಟ್ ಲಿಸ್ಟ್ ಆಫ್ಟರ್’ಗೆ ಟಿಕ್ ಇರಬೇಕು. ಹಂತ 2ಕ್ಕೆ ಲೆವೆಲ್ 1, ಹಂತ 3ಕ್ಕೆ ಲೆವೆಲ್ 2. ಇದು ತಪ್ಪಿದರೆ ಹೊಸ ಅಧ್ಯಾಯದ ಮೊದಲ ಭಾಗ 4.1 ಆಗುವ ಬದಲು 4.8 ಆಗುತ್ತದೆ.

ನಂಬರ್ ಎಲ್ಲಿ ಶುರುವಾಗಬೇಕು, ಬರಹ ಎಷ್ಟು ದೂರದಲ್ಲಿ ಇರಬೇಕು ಅನ್ನುವುದನ್ನೂ ಇದೇ ಕಿಟಕಿಯಲ್ಲಿ ಕೊಡಿ. ರೂಲರ್ ಎಳೆದು ಸರಿಮಾಡಬೇಡಿ. ಎಳೆದ ಕೂಡಲೇ ಆ ಒಂದು ಹೆಡಿಂಗ್ ಸ್ಟೈಲ್‌ನ ಮಾತು ಬಿಟ್ಟು ತನ್ನದೇ ದಾರಿ ಹಿಡಿಯುತ್ತದೆ.

ಕೊನೆಯ ಅಂಕಿ ಆದ ಮೇಲೆ ಚುಕ್ಕಿ ಬೇಕೇ ಅಂತ ತುಂಬಾ ಜನ ಕೇಳುತ್ತಾರೆ. ದಾಖಲೆಗಳ ಭಾಗಗಳಿಗೆ ನಂಬರ್ ಕೊಡುವ ಬಗ್ಗೆ 1978ರ ಐಎಸ್ಒ 2145 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಅಂಕಿಗಳ ನಡುವೆ ಚುಕ್ಕಿ ಇರಬೇಕು, ಕೊನೆಯಲ್ಲಿ ಬೇಡ. 3.2 ಸರಿ, 3.2. ಬೇಡ. ನನಗೂ ಅದೇ ಇಷ್ಟ, ಕಣ್ಣಿಗೆ ಹಗುರ. ಹಂತಗಳ ಬಗ್ಗೆಯೂ ಒಂದು ಮಾತು: ಮೂರು ಸಾಕು, ತೀರಾ ಬೇಕಾದರೆ ನಾಲ್ಕು. 5.3.2.4.1 ಅನ್ನುವ ನಂಬರನ್ನು ಓದುವವರು ತಲೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಐದನೇ ಹಂತ ಬೇಕು ಅನ್ನಿಸಿದರೆ ಅಧ್ಯಾಯವನ್ನೇ ಒಡೆಯುವ ಸಮಯ ಬಂದಿದೆ ಅಂತ ಅರ್ಥ.

ಹಳೆಯ ತೇಪೆ ತೆಗೆಯುವುದು

ಪಟ್ಟಿ ಕಟ್ಟಿದ ಮೇಲೂ ಕೆಲವು ಹೆಡಿಂಗ್‌ಗಳು ಹಳೆಯ ಚಾಳಿ ಬಿಡುವುದಿಲ್ಲ. ಅವುಗಳ ಮೇಲೆ ನೇರವಾಗಿ ಹಾಕಿದ ಹಳೆಯ ನಂಬರಿಂಗ್ ಇನ್ನೂ ಉಳಿದಿರುತ್ತದೆ. ಸ್ಟೈಲ್ಸ್ ಪೇನ್ ತೆರೆಯಿರಿ. ಹೆಡಿಂಗ್ 1ರ ಪಕ್ಕದ ಬಾಣ ಒತ್ತಿದರೆ ‘ಸೆಲೆಕ್ಟ್ ಆಲ್’ ಅಂತ ಬರುತ್ತದೆ, ಪಕ್ಕದಲ್ಲಿ ಎಷ್ಟು ಇವೆ ಅನ್ನುವ ಲೆಕ್ಕವೂ ಇರುತ್ತದೆ. ಎಲ್ಲವನ್ನೂ ಆರಿಸಿ ಕಂಟ್ರೋಲ್ ಮತ್ತು ಕ್ಯೂ ಒತ್ತಿ. ಪ್ಯಾರಾದ ಮೇಲೆ ಕೈಯಾರೆ ಮಾಡಿದ ಬದಲಾವಣೆಗಳೆಲ್ಲ ಕಳಚಿ, ಸ್ಟೈಲ್ ಹೇಳಿದ್ದು ಮಾತ್ರ ಉಳಿಯುತ್ತದೆ. ಹೆಡಿಂಗ್ 2, 3ಕ್ಕೂ ಇದನ್ನೇ ಮಾಡಿ. ನಿಮ್ಮ 4ನೇ ಅಧ್ಯಾಯ ಈ ಹೆಜ್ಜೆಯಲ್ಲೇ ಸರಿಹೋಗುತ್ತದೆ ಅಂತ ನನಗೆ ನಂಬಿಕೆ ಇದೆ. ಪ್ರತಿ ಅಧ್ಯಾಯ ಹೊಸ ಪುಟದಲ್ಲಿ ಶುರುವಾಗಲಿ ಅಂತ ಕೈಯಾರೆ ಕೊಟ್ಟಿದ್ದರೆ ಅದೂ ಕಳಚಿಹೋಗುತ್ತದೆ. ಅದನ್ನು ಹೆಡಿಂಗ್ 1 ಸ್ಟೈಲ್‌ನ ಒಳಗೇ ಕೊಡಿ.

ಕಪ್ಪು ಚೌಕ ನೋಡಲು ಹೆದರಿಕೆ ಹುಟ್ಟಿಸುತ್ತದೆ, ಮದ್ದು ಸುಲಭ. ಹೆಡಿಂಗ್‌ನ ಮೊದಲ ಅಕ್ಷರದ ಎಡಕ್ಕೆ ಕರ್ಸರ್ ಇಡಿ. ಎಡಬಾಣದ ಕೀಲಿ ಒಮ್ಮೆ ಒತ್ತಿ, ಚೌಕ ಬೂದು ಆಗುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ. ಬರುವ ಪುಟ್ಟ ಕಿಟಕಿಯಲ್ಲಿ ‘ರೀಅಪ್ಲೈ’ ಒತ್ತಿ. ನಂಬರ್ ವಾಪಸ್ ಬರುತ್ತದೆ. ಪ್ರತಿ ಹಂತಕ್ಕೂ ಒಮ್ಮೆ ಮಾಡಿ ನೋಡಿ.

ಒಂದೇ ಒಂದು ನಂಬರ್ ಕೆಂಪಾಗಿಯೋ ಓರೆಯಾಗಿಯೋ ಕಂಡರೆ ಪಟ್ಟಿಯನ್ನು ತಿದ್ದಲು ಹೋಗಬೇಡಿ. ನಂಬರ್ ತನ್ನ ಬಣ್ಣವನ್ನು ಆ ಪ್ಯಾರಾದ ಕೊನೆಯಲ್ಲಿರುವ ಗುರುತಿನಿಂದ (¶) ತೆಗೆದುಕೊಳ್ಳುತ್ತದೆ. ಮರೆಯಲ್ಲಿರುವ ಗುರುತುಗಳನ್ನು ತೋರಿಸುವಂತೆ ಮಾಡಿ, ಸಾಲಿನ ಕೊನೆಯ ಗುರುತನ್ನು ಆರಿಸಿ, ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ.

ಅನುಬಂಧ ಎ, ಬಿ

ಅನುಬಂಧಕ್ಕೆ ಬೇರೆ ಪಟ್ಟಿ ಮಾಡಬೇಡಿ. ಇದೇ ಪಟ್ಟಿಯ 7ನೇ ಹಂತ ಖಾಲಿ ಇದೆಯಲ್ಲ, ಅದನ್ನೇ ಬಳಸಿ. ಹಂತ 7 ಹೆಡಿಂಗ್ 7ಕ್ಕೆ ಜೋಡಣೆ ಆಗಿದೆ. ಅದರ ರೂಪದ ಪೆಟ್ಟಿಗೆ ಖಾಲಿ ಮಾಡಿ, ‘ಅನುಬಂಧ’ ಅಂತ ಟೈಪ್ ಮಾಡಿ, ನಂಬರ್ ಶೈಲಿಯಲ್ಲಿ ಎ, ಬಿ, ಸಿ ಆರಿಸಿ. ಮೇಲಿನ ಹಂತದ ಯಾವ ಅಂಕಿಯನ್ನೂ ಸೇರಿಸಬೇಡಿ. ಈ ಹಂತಕ್ಕೆ ಮಾತ್ರ ‘ರೀಸ್ಟಾರ್ಟ್ ಲಿಸ್ಟ್ ಆಫ್ಟರ್’ ಟಿಕ್ ತೆಗೆಯಿರಿ. ಹಂತ 8ರಲ್ಲಿ ಲೆವೆಲ್ 7 ಸೇರಿಸಿದರೆ ಎ.1, ಎ.2 ಬರುತ್ತದೆ.

ಪರಿವಿಡಿ ಸಾಮಾನ್ಯವಾಗಿ ಮೊದಲ ಮೂರು ಹಂತ ಮಾತ್ರ ತೋರಿಸುತ್ತದೆ. ಹಾಗಾಗಿ ಪರಿವಿಡಿಯ ಆಪ್ಷನ್ಸ್‌ಗೆ ಹೋಗಿ ಹೆಡಿಂಗ್ 7ರ ಮುಂದೆ 1 ಅಂತ ಬರೆಯಿರಿ. ಆಗ ಅನುಬಂಧಗಳು ಅಧ್ಯಾಯಗಳ ಸಾಲಿನಲ್ಲೇ ಕೂರುತ್ತವೆ. ಅನುಬಂಧದ ಚಿತ್ರಗಳಿಗೆ ಶೀರ್ಷಿಕೆ ಕೊಡುವಾಗಲೂ, ಅಧ್ಯಾಯ ನಂಬರ್ ಯಾವ ಸ್ಟೈಲ್‌ನಿಂದ ಬರಬೇಕು ಅಂತ ಕೇಳುವ ಜಾಗದಲ್ಲಿ ಹೆಡಿಂಗ್ 7 ಆರಿಸಿ.

ಮುನ್ನುಡಿಯಂಥ ನಂಬರ್ ಬೇಡದ ಹೆಡಿಂಗ್‌ಗೆ ಬೇರೆ ಸ್ಟೈಲ್ ಮಾಡಿ. ಅದು ಹೆಡಿಂಗ್ 1ರ ಮೇಲೆ ನಿಂತಿರಬಾರದು, ನಿಂತರೆ ನಂಬರ್ ಕೂಡ ಜೊತೆಗೇ ಬರುತ್ತದೆ. ನಾರ್ಮಲ್ ಮೇಲೆ ಕಟ್ಟಿ, ಔಟ್‌ಲೈನ್ ಲೆವೆಲ್ 1 ಕೊಡಿ. ಪರಿವಿಡಿ ಅದನ್ನೂ ಎತ್ತಿಕೊಳ್ಳುತ್ತದೆ.

ಈಗ ಆ ಹಳದಿ ಸಾಲುಗಳು

ಹಳದಿ ಹಚ್ಚಿದ ಪ್ರತಿ ‘ನೋಡಿ 5.3’ ಹತ್ತಿರ ಹೋಗಿ. ಅಂಕಿ ಅಳಿಸಿ, ರೆಫರೆನ್ಸಸ್ ಟ್ಯಾಬ್‌ನ ಕ್ರಾಸ್ ರೆಫರೆನ್ಸ್ ಮೂಲಕ ಆ ಹೆಡಿಂಗ್ ಆರಿಸಿ, ನಂಬರ್ ಸೇರಿಸಿ. ಬೇಸರದ ಕೆಲಸ ನಿಜ. ಆದರೆ ಇದನ್ನು ಒಮ್ಮೆ ಮಾಡಿದರೆ ಮುಂದೆ ಹೆಡಿಂಗ್ ಎಲ್ಲಿಗೆ ಸರಿದರೂ ಸೂಚನೆ ಅದರ ಹಿಂದೆಯೇ ಹೋಗುತ್ತದೆ. ತಾನಾಗಿ ಅಲ್ಲ, ಕಂಟ್ರೋಲ್ ಮತ್ತು ಎ ಒತ್ತಿ, ಎಫ್9 ಒತ್ತಿದಾಗ. ಪರಿವಿಡಿಯ ಬಗ್ಗೆ ಕೇಳಿದಾಗ ‘ಎಂಟೈರ್ ಟೇಬಲ್’ ಆರಿಸಿ. ಪುಟಸಂಖ್ಯೆ ಮಾತ್ರ ಆರಿಸಿದರೆ ಹಳೆಯ ಹೆಡಿಂಗ್ ನಂಬರ್‌ಗಳು ಹಾಗೇ ಉಳಿಯುತ್ತವೆ.

ಕ್ರಾಸ್ ರೆಫರೆನ್ಸ್ ಇರುವ ಹೆಡಿಂಗ್‌ನ ಮೊದಲ ಅಕ್ಷರದ ಎಡಕ್ಕೆ ನಿಂತು ಎಂಟರ್ ಒತ್ತಬೇಡಿ. ಕ್ರಾಸ್ ರೆಫರೆನ್ಸ್‌ಗಾಗಿ ವರ್ಡ್ ಹೆಡಿಂಗ್‌ಗೆ ಅಂಟಿಸಿದ, ಕಣ್ಣಿಗೆ ಕಾಣದ ಗುರುತು ಹೊಸ ಸಾಲಿಗೂ ಹಬ್ಬಿಬಿಡುತ್ತದೆ. ಹಿಂದಿನ ಪ್ಯಾರಾದ ಕೊನೆಗೆ ಹೋಗಿ ಅಲ್ಲಿ ಎಂಟರ್ ಒತ್ತಿ.

ಮುಂದೆ ನಾಲ್ವರೂ ಒಂದೇ ಟೆಂಪ್ಲೇಟ್‌ನಿಂದ, ಅಂದರೆ ಸ್ಟೈಲ್‌ಗಳೆಲ್ಲ ಸಿದ್ಧವಿರುವ ಒಂದೇ ಮಾದರಿ ಫೈಲ್‌ನಿಂದ ಬರೆಯಿರಿ. ಈಗ ಸರಿಮಾಡಿದ ಫೈಲ್‌ನಿಂದಲೇ ಟೆಂಪ್ಲೇಟ್ ಮಾಡಿಕೊಳ್ಳಬಹುದು. ಬೇರೆ ಫೈಲ್‌ನಿಂದ ಬರಹ ತರುವಾಗ ‘ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್’ ಬೇಡವೇ ಬೇಡ. ಅದರ ಜೊತೆ ಆ ಫೈಲ್‌ನ ಪಟ್ಟಿಯೂ ಒಳಗೆ ಬರುತ್ತದೆ. ಸಂದೇಹ ಇದ್ದರೆ ಬರೀ ಬರಹ ಅಂಟಿಸಿ, ಸ್ಟೈಲ್ ಇಲ್ಲೇ ಕೊಡಿ.

ನಿಮ್ಮಲ್ಲಿ ಯಾರಾದರೂ ವರ್ಡ್ ಬದಲು ಲಿಬ್ರೆಆಫೀಸ್ ಅನ್ನುವ ತಂತ್ರಾಂಶ ಬಳಸಿದರೆ, ಅಲ್ಲಿ ಟೂಲ್ಸ್ ಮೆನುವಿನಲ್ಲಿ ಹೆಡಿಂಗ್ ನಂಬರಿಂಗ್ ಇದೆ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಚಾಪ್ಟರ್ ನಂಬರಿಂಗ್. ತತ್ವ ಇದೇ, 9ರ ಬದಲು 10 ಹಂತ. ಆದರೆ ಒಂದೇ ಫೈಲನ್ನು ಎರಡರಲ್ಲೂ ತೆರೆದು ತಿದ್ದಬೇಡಿ. ಕೊನೆಯ ಜೋಡಣೆ ಒಂದೇ ಕಡೆ ಆಗಲಿ.

ಎಲ್ಲ ಮುಗಿದ ಮೇಲೆ ಹೀಗೆ ಪರೀಕ್ಷಿಸಿ. ಫೈಲನ್ನು ಸೇವ್ ಮಾಡಿ. 2ನೇ ಅಧ್ಯಾಯ ಮುಗಿಯುವ ಜಾಗದಲ್ಲಿ ಸುಳ್ಳು ಹೆಡಿಂಗ್ 1 ಒಂದನ್ನು ಸೇರಿಸಿ, ಎಲ್ಲವನ್ನೂ ಎಫ್9 ಒತ್ತಿ ಹೊಸದಾಗಿಸಿ. ಮುಂದಿನ ಪ್ರತಿ ಅಧ್ಯಾಯದ ನಂಬರ್, ಅಲ್ಲಿನ ಚಿತ್ರಗಳ ನಂಬರ್‌ನಲ್ಲಿರುವ ಅಧ್ಯಾಯದ ಅಂಕಿ, ಆ ಅಧ್ಯಾಯಗಳನ್ನು ತೋರಿಸುವ ಪ್ರತಿ ‘ನೋಡಿ’ ಒಂದೊಂದು ಮುಂದಕ್ಕೆ ಸರಿಯಬೇಕು. ಅನುಬಂಧಗಳು ಅಲುಗಾಡಬಾರದು. ಹೀಗೆ ಸರಿಯಬೇಕಾದ ನಂಬರ್ ಯಾವುದಾದರೂ ಸರಿಯದೆ ನಿಂತಿದ್ದರೆ ಅದು ಇನ್ನೂ ಕೈಯಲ್ಲಿ ಟೈಪ್ ಮಾಡಿದ್ದಿರಬಹುದು. ಅದನ್ನು ಗುರುತು ಹಾಕಿಕೊಳ್ಳಿ, ಫೈಲನ್ನು ಸೇವ್ ಮಾಡದೆ ಮುಚ್ಚಿ, ಮತ್ತೆ ತೆರೆದು ಅದನ್ನು ಸರಿಮಾಡಿ.